ಪಿಯುಸ್ ಬಿಡಿಸದ ಚಿತ್ರಗಳು

ನಳಿನಾಕ್ಷಿ ಈಚೆಗೆ ಸಂಜೆ ಮನೆ ಸೇರುವಾಗ ಪೂರ್ತಿ ಸೋತುಹೋಗಿರುತ್ತಿದ್ದಳು. ಆದರೆ ಇವತ್ತು ಎಂತ ಕೆಲಸ ಮಾಡಿದೆ ಎಂದು ಗಂಡ ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಮೊದಲು ಹಾಗಿರಲಿಲ್ಲ.

ಬೋಳಾರದಲ್ಲಿ, ನದಿಯ ಕಡೆಗೆ ಇಳಿಯುವ ರಸ್ತೆಯಲ್ಲಿ, ಹಳೆಯ ಗೋದಾಮಿನ ಮಹಡಿಯ ಮೇಲೆ ಬೆನೆಡಿಕ್ಟರ ಪ್ರಕಾಶನವಿತ್ತು. ಸಣ್ಣ ಮಕ್ಕಳ ಕನ್ನಡ ಪುಸ್ತಕಗಳನ್ನು ಮಾಡಿ ಊರಿನ ಶಾಲೆಗಳಿಗೆ ಕೊಡುವುದು ಅಲ್ಲಿನ ಕೆಲಸ. ಬಿ.ಎ. ಮುಗಿಸಿ ಕೆಲಸಕ್ಕೆ ಸೇರಿದ ನಳಿನಾಕ್ಷಿ ಅಲ್ಲಿಯೇ ತಲೆ ನರೆಸಿಕೊಂಡಳು. ಪಾಠ ಬರೆಯುವುದು ಅವಳು, ಚಿತ್ರ ಬಿಡಿಸುವುದು ಪಿಯುಸ್ ಲೋಬೊ. ತುಳುವರು ಕ್ರಿಶ್ಚಿಯನ್ ಗಂಡಸರನ್ನು ಕರೆಯುವ ಹಾಗೆ ಅವಳು ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದಳು.

ಒಂದು ಪುಟ ಆಗಬೇಕಾದರೆ ಇಬ್ಬರಿಗೂ ಜಗಳವಾಗಬೇಕು. ಅವಳು ಕಷ್ಟಪಟ್ಟು ನಾಲ್ಕು ಸಾಲು ಬರೆದುಕೊಟ್ಟರೆ ಪಿಯುಸ್, "ಇದರಲ್ಲಿ ಬಿಡಿಸಲಿಕ್ಕೆ ಎಂತ ಉಂಟು? ಎಲ್ಲರೂ ಒಳ್ಳೆಯವರೇ. ಒಬ್ಬನಿಗಾದರೂ ಸಿಟ್ಟು ಬರಲಿ," ಎಂದು ಹಾಳೆಯನ್ನು ವಾಪಸು ತಳ್ಳುತ್ತಿದ್ದರು. ಅವರು ಚಿತ್ರ ಬಿಡಿಸಿ ತಂದರೆ ಇವಳು ತಪ್ಪು ಹುಡುಕುತ್ತಿದ್ದಳು. ಕೊನೆಗೆ ಇಬ್ಬರೂ ಆ ಹಾಳೆ ಹಿಡಿದುಕೊಂಡು ಕಾವೂರಿನ ಕೆರೆಯ ಹತ್ತಿರದ ಶಾಲೆಗೆ ಹೋಗಿ, ಒಂದನೇ ಕ್ಲಾಸಿನ ಮಕ್ಕಳ ಮುಂದೆ ಇಟ್ಟು ಸುಮ್ಮನೆ ಕೂರುತ್ತಿದ್ದರು. ಮಗುವಿನ ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರಿಹೋಗುತ್ತದೆ ಎಂದು ನೋಡುವುದು. ಬೆರಳು ಜಾರಿದ ಕಡೆ ಮತ್ತೆ ಬರೆಯುವುದು, ಮತ್ತೆ ಬಿಡಿಸುವುದು. ಹೀಗೆ ಮಾಡಿದರೆ ಒಂದು ಪುಸ್ತಕಕ್ಕೆ ವರ್ಷವೇ ಹಿಡಿಯುತ್ತಿತ್ತು. ಬೆನೆಡಿಕ್ಟರು ಗೊಣಗುತ್ತಿದ್ದರೇ ಹೊರತು ಅವಸರ ಮಾಡುತ್ತಿರಲಿಲ್ಲ.

ಬೆನೆಡಿಕ್ಟರು ತೀರಿಕೊಂಡ ಮೇಲೆ ಮಗ ಲೆಸ್ಟರ್ ಬಂದು ಆ ಕುರ್ಚಿಯಲ್ಲಿ ಕುಳಿತ. ಲೆಸ್ಟರ್ ಕೆಟ್ಟವನಲ್ಲ. ದೊಡ್ಡ ಕಂಪನಿಗಳು ಪುಸ್ತಕದ ಜೊತೆ ಆ್ಯಪ್ ಕೊಡುತ್ತವೆ, ಪ್ರತಿವರ್ಷ ಹೊಸ ಚಿತ್ರ ಕೊಡುತ್ತವೆ, ನಾವು ಹೀಗೇ ಕೂತರೆ ಗೋದಾಮಿಗೆ ಬೀಗವೇ ಗತಿ ಎಂದು ಅವನ ಲೆಕ್ಕ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅವನು ಪಿಯುಸರ ಹಳೆಯ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಚಿತ್ರ ಮಾಡಿಕೊಡುವ ಕಂಪ್ಯೂಟರಿನ ಎಐಗೆ ಹಾಕಿಸಿದ. ಅದೇ ರೀತಿಯ ಹೊಸ ಚಿತ್ರಗಳು ಬೇಕಾದಷ್ಟು ಬರತೊಡಗಿದವು. ಪಾಠವೂ ಅದರಿಂದಲೇ. ಪಿಯುಸರಿಗೆ ಬರಬೇಡಿ ಎಂದು ಯಾರೂ ಹೇಳಲಿಲ್ಲ. ಕರೆಯುವುದು ನಿಂತಿತು, ಅಷ್ಟೇ.

ನಳಿನಾಕ್ಷಿಗೆ ಉಳಿದದ್ದು ನೋಡುವ ಕೆಲಸ. ಎಐ ಕೊಟ್ಟ ಚಿತ್ರದಲ್ಲಿ ಅಜ್ಜಿಯ ಸೆರಗು ಎರಡೂ ಹೆಗಲಿನಿಂದ ಇಳಿದಿರುತ್ತಿತ್ತು. ಸರಿ ಮಾಡಿಸಿದರೆ ಅಜ್ಜಿಯ ಕನ್ನಡಕ ಮಾಯವಾಗುತ್ತಿತ್ತು. ಹಂಚಿನ ಮನೆಗೆ ಎಲ್ಲಿಂದಲೋ ಒಂದು ಹೊಗೆಗೂಡು ಹುಟ್ಟಿಕೊಳ್ಳುತ್ತಿತ್ತು. ಬಸ್ಸಿನ ಹಲಗೆಯ ಮೇಲೆ ಕನ್ನಡದಂತೆ ಕಾಣುವ, ಯಾವ ಭಾಷೆಗೂ ಸೇರದ ಅಕ್ಷರಗಳು ಇರುತ್ತಿದ್ದವು. ಇಂಥವನ್ನು ಹಿಡಿಯುವುದು ಸುಲಭ. ತಪ್ಪಿಲ್ಲದ ಪುಟಗಳೇ ಅವಳನ್ನು ಹೆಚ್ಚು ದಣಿಸುತ್ತಿದ್ದವು. ಎಲ್ಲವೂ ಸರಿಯಾಗಿರುತ್ತಿತ್ತು, ಆದರೂ ಅವಳಿಗೆ ಸಮಾಧಾನವಾಗುತ್ತಿರಲಿಲ್ಲ. ಯಾಕೆ ಎಂದು ಹೇಳಲು ಬರುತ್ತಿರಲಿಲ್ಲ. ಹೇಳಲು ಬಾರದ್ದನ್ನು ತಿದ್ದಿಸುವುದು ಹೇಗೆ? ಪುಟದ ಮೂಲೆಯಲ್ಲಿ ಸರಿ ಎಂದು ಗುರುತು ಹಾಕಿ ಮುಂದಕ್ಕೆ ಹೋಗುತ್ತಿದ್ದಳು.

ಹೀಗಿರುವಾಗ ಒಂದು ದಿನ ಲೆಸ್ಟರ್ ಅವಳ ಮೇಜಿನ ಬಳಿ ಬಂದು ನಿಂತ.

"ನಳಿನಕ್ಕ, ಕಾವೂರಿನ ಸೆವರಿನ್ ಟೀಚರ್ ಫೋನ್ ಮಾಡಿದ್ರು. ಈ ಸಲ ಒಂದನೇ ಕ್ಲಾಸಿಗೆ ಮನುಷ್ಯರೇ ಮಾಡಿದ ಪುಸ್ತಕ ಬೇಕಂತೆ. ಎಐದ್ದು ಬೇಡವೇ ಬೇಡ ಅಂತ. ಬರೆದವರೂ ಚಿತ್ರ ಬಿಡಿಸಿದವರೂ ಶಾಲೆಗೆ ಬಂದು ಟೀಚರ್‌ಗಳ ಹತ್ರ ಮಾತಾಡಬೇಕಂತೆ."

ಸೆವರಿನ್ ಟೀಚರ್ ಆ ಶಾಲೆಯ ಹೆಡ್‌ಮಿಸ್.

"ನೀನು ಎಂತ ಹೇಳಿದ್ದು?"

"ಬರ್ತಾರೆ ಅಂದೆ. ನೀವು ಮತ್ತು ಪಿಯುಸ್ ಅಂಕಲ್."

ನಳಿನಾಕ್ಷಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಅವರು ಇದರಲ್ಲಿ ಒಂದು ಗೆರೆ ಎಳೆದಿಲ್ಲ, ಲೆಸ್ಟರ್."

"ಅವರ ಚಿತ್ರಗಳಿಂದಲೇ ಅಲ್ಲವಾ ಇದು ಬಂದದ್ದು? ಸ್ಟೈಲ್ ಅವರದ್ದೇ. ಒಂದೊಂದು ಪುಟವನ್ನೂ ನೀವು ನೋಡಿದ್ದೀರಿ. ಮತ್ತೆ ಇದು ಮನುಷ್ಯರದ್ದು ಅಲ್ಲದೆ ಯಾರದ್ದು?" ಅವನು ಮಾತಾಡುತ್ತಿದ್ದದ್ದು ಅವಳ ಹತ್ತಿರವಾದರೂ ನೋಡುತ್ತಿದ್ದದ್ದು ಕಿಟಕಿಯ ಹೊರಗೆ. "ಪಪ್ಪ ಇರುವಾಗಿನ ಶಾಲೆ ಅದು. ಅವರು ನಮ್ಮ ಪುಸ್ತಕ ಬಿಟ್ರೆ ಅವರನ್ನು ನೋಡಿ ಬೇರೆಯವರೂ ಬಿಡ್ತಾರೆ. ಒಂದು ದಿನ ಹೋಗಿ ಕೂತು ಬನ್ನಿ ಅಕ್ಕ. ನಾನು ಹೋದ್ರೆ ನಂಬುವುದಿಲ್ಲ."

ಅವಳು ವಾದ ಮಾಡಬಹುದಿತ್ತು. ಆದರೆ ಬೆಳಗಿನಿಂದ ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. "ನೋಡುವ," ಎಂದಳು. ಆ ಊರಿನಲ್ಲಿ ಹಾಗೆ ಹೇಳಿದರೆ ಒಪ್ಪಿದ ಹಾಗೆಯೇ.

ಪಿಯುಸ್ ಈಗ ಜೆಪ್ಪುವಿನಲ್ಲಿ ಮನೆಯ ಹತ್ತಿರದ ಒಂದು ಸಮಾರಂಭದ ಹಾಲ್‌ನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದರು. ನಳಿನಾಕ್ಷಿ ಹೋದಾಗ ಒಳಗೆ ಮದುವೆಯೊಂದರ ಕುರ್ಚಿಗಳನ್ನು ಜೋಡಿಸುವ ಸದ್ದು. ಅವಳನ್ನು ಕಂಡು ಅವರು ಎದ್ದು ನಿಂತರು, ಫ್ಯಾನ್ ತಿರುಗಿಸಿ ಗಾಳಿ ಅವಳ ಕಡೆಗೆ ಬರುವ ಹಾಗೆ ಮಾಡಿದರು. ಅವಳು ಸುತ್ತುಬಳಸದೆ ವಿಷಯ ಹೇಳಿ, ಹೊಸ ಪುಸ್ತಕದ ಮಾದರಿಯನ್ನು ಮುಂದಿಟ್ಟಳು.

ಪಿಯುಸ್ ಮೊದಲ ಪುಟದಿಂದ ನಿಧಾನವಾಗಿ ನೋಡುತ್ತಾ ಬಂದರು. ಒಂದು ಕಡೆ ನಿಂತರು. ರಿಬ್ಬನ್ ಕಟ್ಟಿದ ಹುಡುಗಿ ನಗುತ್ತಿದ್ದಳು, ಮುಂದಿನ ಒಂದು ಹಲ್ಲಿರಲಿಲ್ಲ.

"ಇದು ನಮ್ಮ ಮೆಲಿಸಾ," ಎಂದರು. ಅವರ ಮಗಳು ಮೆಲಿಸಾ ಈಗ ಸುರತ್ಕಲ್‌ನಲ್ಲಿ ನರ್ಸ್. ಸಣ್ಣವಳಿರುವಾಗ ಅವಳನ್ನು ಕೂರಿಸಿಕೊಂಡೇ ಅವರು ಹಳೆಯ ಪುಸ್ತಕದ ಹುಡುಗಿಯನ್ನು ಬಿಡಿಸಿದ್ದರು. ಪುಟ ಮಗುಚಿದರು. ಅಲ್ಲಿ ಒಬ್ಬ ಹುಡುಗ, ಅವನಿಗೂ ಅದೇ ಹಲ್ಲಿಲ್ಲ. ಇನ್ನೊಂದು ಪುಟದಲ್ಲಿ ಇನ್ನೊಬ್ಬಳು, ಅವಳಿಗೂ ಇಲ್ಲ. ಪಿಯುಸ್ ಸಣ್ಣಗೆ ನಕ್ಕರು. "ಅಲ್ಲ, ಮೆಲಿಸಾ ಅಲ್ಲ. ಹಲ್ಲು ಮಾತ್ರ ಅವಳದ್ದು."

ಪ್ರತಿ ಪುಟವನ್ನೂ ನೋಡಿದ ನಳಿನಾಕ್ಷಿಗೆ ಇದು ಕಂಡಿರಲಿಲ್ಲ.

"ನಿಮಗೆ ಬೇಡ ಅಂತಾದ್ರೆ ಬೇಡ ಪೊರ್ಬುಗಳೇ. ನಾನು ಲೆಸ್ಟರ್‌ಗೆ ಹೇಳ್ತೇನೆ."

"ಬರ್ತೇನೆ," ಎಂದರು ಪಿಯುಸ್. ಅವಳಿಗೆ ಆಶ್ಚರ್ಯವಾಯಿತು. ಅದನ್ನು ಕಂಡು ಅವರೇ ಹೇಳಿದರು: "ಇಲ್ಲಿ ನನಗೆ ಫೋನ್ ಬರ್ತದೆ, ನಳಿನಾಕ್ಷಿಯವರೇ. ಹಾಲ್ ಖಾಲಿ ಉಂಟಾ, ಜನರೇಟರ್ ಉಂಟಾ, ಅಷ್ಟೇ ಕೇಳುವುದು. ಚಿತ್ರದ ವಿಷಯ ಮಾತಾಡದೆ ಎಷ್ಟು ಕಾಲ ಆಯ್ತು. ಟೀಚರ್‌ಗಳು ಕರೆದಿದ್ದಾರೆ. ಹೋಗಿ ಮಾತಾಡುವ. ಬಿಡಿಸಿದ್ದು ಯಾರಾದ್ರೆ ಎಂತ?"

ಶನಿವಾರ ಮಧ್ಯಾಹ್ನ ಮಕ್ಕಳನ್ನು ಬಿಟ್ಟ ಮೇಲೆ ಶಾಲೆಯ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಸೇರಿದರು. ಪಿಯುಸ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು, ಕೂದಲಿಗೆ ನೀರು ಹಚ್ಚಿ ಬಾಚಿದ್ದರು. ಗೇಟಿನ ಹತ್ತಿರ ಸಿಕ್ಕಿದಾಗ ಇಬ್ಬರೂ ಸೆಖೆಯ ಬಗ್ಗೆ ಮಾತಾಡಿದರು. ಪುಸ್ತಕದ ಮಾತು ಎತ್ತಲಿಲ್ಲ.

ಸೆವರಿನ್ ಟೀಚರ್ ಚಹಾ ತರಿಸಿದರು. ಬೆನೆಡಿಕ್ಟರ ಕಾಲವನ್ನು ನೆನಪಿಸಿಕೊಂಡರು. ಎಲ್ಲವೂ ಸುಲಭವಾಗಿ ಮುಗಿಯುವ ಹಾಗೆ ಕಾಣುತ್ತಿತ್ತು. ಆಗ ಒಂದನೇ ಕ್ಲಾಸಿನ ದೀಕ್ಷಿತಾ ಟೀಚರ್, ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಹುಡುಗಿ, ಅಳುಕುತ್ತಾ, ಲೆಸ್ಟರ್ ಮೊದಲೇ ಕಳಿಸಿದ್ದ ಮಾದರಿ ಪುಸ್ತಕ ತೆರೆದಳು. ಮಾರುಕಟ್ಟೆಯ ದೊಡ್ಡ ಚಿತ್ರ, ಮೇಲೆ 'ಚಿತ್ರ ನೋಡಿ, ಕಥೆ ಹೇಳಿ' ಎಂದು ಬರೆದಿತ್ತು.

"ಸರ್, ಒಂದು ಕೇಳುವುದುಂಟು. ನಾನು ಈ ಪುಟವನ್ನು ಮಕ್ಕಳಿಗೆ ಕೊಟ್ಟು ನೋಡಿದೆ. 'ಚಂದ ಉಂಟು ಟೀಚರ್' ಅಂತಾರೆ, ಮಗುಚ್ತಾರೆ. ಹಳೆ ಪುಸ್ತಕದಲ್ಲಿ ಬಸ್‌ಸ್ಟ್ಯಾಂಡಿನ ಚಿತ್ರ ಇತ್ತಲ್ಲ, ಅದರಲ್ಲಿ ಒಬ್ಬ ಅಜ್ಜ. ಅವನಿಗೆ ಬಸ್ಸು ತಪ್ಪಿದ್ದಾ, ಯಾರನ್ನಾದ್ರೂ ಕಾಯುವುದಾ ಅಂತ ಮಕ್ಕಳಿಗೆ ದೊಡ್ಡ ಜಗಳ. ಪೀರಿಯಡ್ ಮುಗಿದ್ರೂ ಬಿಡುವುದಿಲ್ಲ. ಇದರಲ್ಲಿ ಮಕ್ಕಳ ಹತ್ರ ಎಂತ ಕೇಳಬೇಕು ಅಂತ ನನಗೆ ಗೊತ್ತಾಗ್ಲಿಲ್ಲ. ನೀವು ಸ್ವಲ್ಪ ಹೇಳಿಕೊಟ್ರೆ..."

ಪಿಯುಸ್ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೂ ಮಾರುವ ಹೆಂಗಸಿನ ಮೇಲೆ ಬೆರಳಿಟ್ಟರು.

"ಇವಳ ಹೆಸರು ಅಮ್ಮಣಿ," ಎಂದರು. "ದಿನಾ ಬಸ್ಸಿನಲ್ಲಿ ಮಲ್ಲಿಗೆ ತರುವವಳು. ಇವತ್ತು ಇವಳ ಮಗಳಿಗೆ ಜ್ವರ. ಆದ್ರೆ ಮಲ್ಲಿಗೆ ಕಾಯ್ತದಾ? ಬಾಡ್ತದೆ. ಹಾಗೆ ಪಕ್ಕದ ಮನೆಯವರ ಹತ್ರ ಮಗಳನ್ನು ಬಿಟ್ಟು ಬಂದಿದ್ದಾಳೆ. ನಗ್ತಾ ಇದ್ದಾಳೆ ನೋಡಿ, ಗಿರಾಕಿ ಬಂದ್ರೆ ನಗಬೇಕಲ್ಲ. ಮನಸ್ಸು ಪೂರಾ ಮನೆಯಲ್ಲಿ. ಈ ತರಕಾರಿಯವನು ಉಂಟಲ್ಲ, ಅವನಿಗೆ ಗೊತ್ತು. ಅವನು ಹೇಳ್ತಾನೆ, ಅಮ್ಮಣಿ, ನೀನು ಮನೆಗೆ ಹೋಗು, ನಿನ್ನ ಹೂ ನಾನು ಮಾರ್ತೇನೆ..."

ಟೀಚರ್‌ಗಳು ಕುರ್ಚಿಯ ತುದಿಗೆ ಬಂದಿದ್ದರು. ನಳಿನಾಕ್ಷಿಯೂ ಮೈಮರೆತು ಕೇಳುತ್ತಿದ್ದಳು. ಎಷ್ಟು ದಿನವಾಗಿತ್ತು ಈ ಮನುಷ್ಯ ಹೀಗೆ ಮಾತಾಡುವುದನ್ನು ಕೇಳಿ! ಆಮೇಲೆ ಅವಳ ಕಣ್ಣು ಚಿತ್ರದ ಮೇಲೆ ಬಿತ್ತು. ಹೂವಿನ ಹೆಂಗಸು ನಗುತ್ತಿದ್ದಳು, ತರಕಾರಿಯವನೂ ನಗುತ್ತಿದ್ದ, ಬುಟ್ಟಿ ಹಿಡಿದ ಮಕ್ಕಳೂ ನಗುತ್ತಿದ್ದರು. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಪಿಯುಸ್ ಹೇಳಿದ್ದರಲ್ಲಿ ಒಂದೂ ಅಲ್ಲಿರಲಿಲ್ಲ. ಇಷ್ಟು ದಿನ ತನಗೆ ಹೇಳಲು ಬಾರದೆ ಸರಿ ಎಂದು ಗುರುತು ಹಾಕಿದ್ದು ಇದಕ್ಕೇ.

ದೀಕ್ಷಿತಾ ಟೀಚರ್ ಪುಸ್ತಕವನ್ನು ಹತ್ತಿರ ಹಿಡಿದು ನೋಡಿದಳು. ಅವಳ ಮುಖ ಸಣ್ಣದಾಯಿತು. "ಹೌದಾ ಸರ್? ನನಗೆ ಇದೆಲ್ಲ ಕಾಣಲೇ ಇಲ್ಲ. ನಾನು ಸರಿ ನೋಡ್ಲಿಲ್ಲ ಕಾಣ್ತದೆ. ಸೋಮವಾರ ಮಕ್ಕಳಿಗೆ ಇನ್ನೊಮ್ಮೆ ಸರಿ ನೋಡಲಿಕ್ಕೆ ಹೇಳ್ತೇನೆ."

ನಳಿನಾಕ್ಷಿ ಸುಮ್ಮನಿದ್ದರೆ ಮುಗಿದಿತ್ತು. ಚಹಾ ಕುಡಿದು, ಬಾಗಿಲಲ್ಲಿ ನಾಲ್ಕು ಮಾತಾಡಿ, ಮನೆಗೆ ಹೋಗಿ ಕಾಲು ಚಾಚಬಹುದಿತ್ತು. ಅವಳಿಗೆ ನಿಜವಾಗಿ ಬೇಕಾಗಿದ್ದದ್ದು ಅದೇ. ಆದರೆ ಸೋಮವಾರ ಆ ಮಕ್ಕಳು ಇಲ್ಲದ್ದನ್ನು ಹುಡುಕುತ್ತಾ ಕೂರುವುದು, ಕಾಣಲಿಲ್ಲ ಎಂದರೆ ಸರಿ ನೋಡು ಎಂದು ಈ ಹುಡುಗಿ ಹೇಳುವುದು ಅವಳ ಕಣ್ಣಿಗೆ ಕಟ್ಟಿತು.

"ನೀವು ನೋಡಿದ್ದು ಸರಿಯಾಗಿಯೇ ಉಂಟು ಟೀಚರ್," ಎಂದಳು. "ಅದು ಅಲ್ಲಿ ಇಲ್ಲ."

ಪಿಯುಸರ ಬೆರಳು ಪುಟದ ಮೇಲೆಯೇ ನಿಂತಿತು.

"ಅಂದ್ರೆ?" ಎಂದರು ಸೆವರಿನ್ ಟೀಚರ್.

"ಈ ಚಿತ್ರ ಇವರು ಬಿಡಿಸಿದ್ದಲ್ಲ. ಕಂಪ್ಯೂಟರಿನದ್ದು, ಎಐದ್ದು. ಪಾಠವೂ ಹಾಗೆಯೇ. ನಾನು ಕೂತು ತಪ್ಪು ತೆಗೆದಿದ್ದೇನೆ, ಅಷ್ಟೇ. ಇವರನ್ನು ಇಲ್ಲಿಗೆ ಬರಹೇಳಿದ್ದು ನಾನು. ಇವರದ್ದು ತಪ್ಪಿಲ್ಲ."

ಪಿಯುಸ್ ಎದ್ದರು. ಕುರ್ಚಿಯನ್ನು ಸದ್ದಾಗದ ಹಾಗೆ ಹಿಂದಕ್ಕೆ ಸರಿಸಿ, ಎಲ್ಲರಿಗೂ ಒಮ್ಮೆ ಕೈಮುಗಿದು, ಹೊರಗೆ ನಡೆದರು. ಕಿಟಕಿಯಿಂದ ಅವರು ಅಂಗಳ ದಾಟುವುದು ಕಾಣುತ್ತಿತ್ತು. ಬಂದ ಬಸ್ಸು ಹತ್ತಿ ಹೋಗಿಬಿಟ್ಟರು.

ಸೆವರಿನ್ ಟೀಚರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವರು, "ನಾನು ಹಟ ಮಾಡಿದ್ದು ಯಾಕೆ ಗೊತ್ತುಂಟಾ?" ಎಂದರು. "ನಮ್ಮ ಮಕ್ಕಳಿಗೆ ಮನೆಯಲ್ಲಿ ಫೋನ್, ಬಸ್ಸಿನಲ್ಲಿ ಫೋನ್. ಅದರಲ್ಲಿ ಬರುವುದನ್ನು ಯಾರು ಮಾಡ್ತಾರೆ ಅಂತ ನನಗೆ ಗೊತ್ತಿಲ್ಲ. ತಡೆಯಲಿಕ್ಕೂ ನನ್ನಿಂದ ಆಗುವುದಿಲ್ಲ. ಮಗು ಕೈಯಲ್ಲಿ ಹಿಡಿಯುವ ಮೊದಲನೇ ಪುಸ್ತಕ ಒಂದಾದ್ರೂ, ಯಾರೋ ಒಬ್ರು ಆ ಮಗುವನ್ನು ನೆನಸಿಕೊಂಡು ಕೂತು ಮಾಡಿದ್ದು ಆಗಿರಲಿ ಅಂತ. ನಿಮ್ಮಲ್ಲೇ ಇಲ್ಲ ಅಂದ್ರೆ ನಾನು ಇನ್ನು ಯಾರ ಹತ್ರ ಹೋಗುವುದು?"

ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು.

ಸೋಮವಾರ ಬೋಳಾರಕ್ಕೆ ಹೋದಾಗ ಲೆಸ್ಟರ್‌ಗೆ ಎಲ್ಲ ಗೊತ್ತಾಗಿತ್ತು. ಅವನ ಕಣ್ಣುಗಳೂ ನಿದ್ದೆಗೆಟ್ಟ ಹಾಗಿದ್ದವು. ಕೂಗಾಡಬಹುದು ಎಂದು ಅವಳು ತಯಾರಾಗಿಯೇ ಬಂದಿದ್ದಳು.

"ನನ್ನ ಹತ್ರ ಮೊದಲೇ ಆಗುವುದಿಲ್ಲ ಅನ್ನಬಹುದಿತ್ತು ಅಕ್ಕ," ಎಂದನಷ್ಟೇ.

"ಅನ್ನಬಹುದಿತ್ತು. ಆಗುತ್ತದೆ ಅಂತಲೇ ನಾನೂ ಹೋದದ್ದು."

ಅವನು ಮುಖ ಉಜ್ಜಿಕೊಂಡ. "ಸೆವರಿನ್ ಟೀಚರ್ ಹೇಳಿದ್ರು, ಹಳೆಯ ಪುಸ್ತಕವನ್ನೇ ಪುನಃ ಹಾಕಿಕೊಡಿ ಅಂತ. ಕಪ್ಪುಬಿಳುಪು ಆದ್ರೂ ಆದೀತಂತೆ. ಅದರಲ್ಲಿ ಎಸ್‌ಟಿಡಿ ಬೂತ್, ಟೇಪ್ ರೆಕಾರ್ಡರ್ ಅಂತೆಲ್ಲ ಉಂಟು, ಮಕ್ಕಳಿಗೆ ಗೊತ್ತಾಗುವುದಿಲ್ಲ. ಅಂಥ ಪುಟಗಳನ್ನು ಮಾತ್ರ ಹೊಸದಾಗಿ ಮಾಡಬೇಕು. ಕೈಯಿಂದ. ಮಾಡ್ತೀರಾದ್ರೆ ಮಾಡಿ. ಉಳಿದ ಶಾಲೆಯವರು ಯಾರೂ ಕೇಳಲಿಲ್ಲ ಅಕ್ಕ. ಅವರಿಗೆ ಹೊಸದೇ ಹೋಗ್ತದೆ."

"ಆ ಹೊಸದರಲ್ಲಿ ನನ್ನ ಹೆಸರು ಹಾಕಬೇಡ."

"ಇಲ್ಲ."

"ಪೊರ್ಬುಗಳದ್ದು ಆ ಚಿತ್ರಗಳು... ಅದನ್ನು ಎಐಯಿಂದ ಹೊರಗೆ ತೆಗೆಯಲಿಕ್ಕೆ ಆಗ್ತದಾ?"

ಲೆಸ್ಟರ್ ಇಲ್ಲವೆಂದು ತಲೆಯಾಡಿಸಿದ. "ಹಾಕಿದ್ದನ್ನು ಹೇಗೆ ತೆಗೆಯುವುದು ಅಂತ ನನಗೂ ಗೊತ್ತಿಲ್ಲ."

ಗೆದ್ದೆ ಎಂದು ಅವಳಿಗೆ ಅನಿಸಲಿಲ್ಲ. ಊರಿಡೀ ಆ ಪುಸ್ತಕ ಹೋಗುತ್ತದೆ. ಇದೊಂದು ಶಾಲೆಗೆ ಹೋಗುವುದಿಲ್ಲ. ಇಷ್ಟಕ್ಕೆ ಒಬ್ಬ ಮರ್ಯಾದಸ್ಥ ಮನುಷ್ಯನನ್ನು ಹತ್ತು ಜನರ ಎದುರು ತಲೆ ತಗ್ಗಿಸುವ ಹಾಗೆ ಮಾಡಿ ಬಂದಿದ್ದಳು.

ಜೆಪ್ಪುವಿಗೆ ಹೋಗಲು ಅವಳಿಗೆ ಒಂದು ವಾರ ಧೈರ್ಯ ಬರಲಿಲ್ಲ. ಹೋದ ದಿನ ಹಾಲ್ ಖಾಲಿಯಿತ್ತು. ಪಿಯುಸ್ ಈ ಸಲ ಎದ್ದು ನಿಲ್ಲಲಿಲ್ಲ.

"ಗೇಟಿನ ಹತ್ರ ಹೇಳಬಹುದಿತ್ತಲ್ಲ," ಎಂದರು. "ಪೊರ್ಬುಗಳೇ, ನನ್ನಿಂದ ಆಗುವುದಿಲ್ಲ, ವಾಪಸು ಹೋಗುವ ಅಂತ. ನಾನು ಬರುತ್ತಿದ್ದೆ. ಅಷ್ಟು ಜನರ ಎದುರು ನನ್ನನ್ನು ಮಾತಾಡಲಿಕ್ಕೆ ಬಿಟ್ಟು..."

"ಗೇಟಿನ ಹತ್ರ ನಾನೂ ಸುಳ್ಳು ಹೇಳುವ ಅಂತಲೇ ಇದ್ದೆ," ಎಂದಳು ನಳಿನಾಕ್ಷಿ. "ನೀವು ಆ ಅಮ್ಮಣಿಯ ಕಥೆ ಹೇಳಿದ್ರಿ ನೋಡಿ, ಆಮೇಲೆ ಆಗಲಿಲ್ಲ. ನೀವು ಅಷ್ಟು ಚಂದ ಹೇಳದೆ ಇದ್ದಿದ್ರೆ ನಾನು ಸುಮ್ಮನೆ ಇರುತ್ತಿದ್ದೆ."

ಪಿಯುಸ್ ಮೇಜಿನ ಮೇಲಿನ ಬೀಗದ ಕೈಗಳನ್ನು ಅತ್ತಿತ್ತ ಸರಿಸುತ್ತಾ ಕುಳಿತರು.

"ಆ ಟೀಚರ್ ಪಾಪದ ಹುಡುಗಿ," ಎಂದರು ಕೊನೆಗೆ. "ತನಗೇ ಕಣ್ಣು ಕಾಣುವುದಿಲ್ಲ ಅಂತ ಗ್ರಹಿಸಿದ್ಲು."

"ಹೌದು."

"ನನಗೆ ಆಗಲೇ ಗೊತ್ತಾಯ್ತು. ಆದ್ರೆ ಬಾಯಿ ನಿಲ್ಲಲಿಲ್ಲ ಮಾರಾಯ್ರೆ."

ಅವಳು ಹೊಸ ಪುಟಗಳ ವಿಷಯ ಹೇಳಿದಳು. ಅವರು ಆಗುತ್ತದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಕೈಗೆ ಅಭ್ಯಾಸ ತಪ್ಪಿದೆ ಎಂದರು. ಬೇರೆ ಯಾರಾದರೂ ಹುಡುಗರು ಸಿಗುವುದಿಲ್ಲವೇ ಎಂದರು. ಹೊರಡುವಾಗ ಮಾತ್ರ, "ಬುಧವಾರ ಹಾಲ್‌ಗೆ ರಜೆ," ಎಂದರು.

ಬುಧವಾರ ಪಿಯುಸ್ ಕಾವೂರಿನ ಶಾಲೆಗೆ ಬಂದರು. ಆ ಬಿಳಿ ಶರ್ಟು ಹಾಕಿರಲಿಲ್ಲ. ದೀಕ್ಷಿತಾ ಟೀಚರ್ ಕ್ಲಾಸಿನ ಹಿಂದೆ ಎರಡು ಕುರ್ಚಿ ಹಾಕಿಸಿದ್ದಳು. ಎಸ್‌ಟಿಡಿ ಬೂತಿನ ಪುಟದ ಬದಲಿಗೆ ಶಾಲೆಯ ಜಗಲಿಯ ಚಿತ್ರ ಮಾಡುವುದೆಂದು ನಳಿನಾಕ್ಷಿ ಯೋಚಿಸಿದ್ದಳು. ಮಕ್ಕಳು ಬೆಳಿಗ್ಗೆ ಬಂದು ಚಪ್ಪಲಿ ಬಿಡುವ ಗಲಾಟೆ. ಪಿಯುಸ್ ಹಾಳೆ ತೆಗೆದು ಗೆರೆ ಎಳೆಯತೊಡಗಿದರು. ಗೆರೆ ಗಟ್ಟಿಯಾಗಿ, ಬಿಗಿಯಾಗಿ ಬಂತು. ಅವರಿಗೇ ಸರಿ ಕಾಣಲಿಲ್ಲ. ಮಡಚಿ ಚೀಲಕ್ಕೆ ಹಾಕಿದರು. ಇನ್ನೊಂದು ತೆಗೆದರು.

ಅಶ್ಮಿತಾ ಎಂಬ ಹುಡುಗಿ ಎದ್ದು ಬಂದು ಹಾಳೆಯನ್ನು ಬಗ್ಗಿ ನೋಡಿದಳು. "ಅಜ್ಜ, ಇದು ಯಾರು?"

"ನೀನು."

"ನಾನಲ್ಲ. ನಾನು ಚಪ್ಪಲಿಯನ್ನು ಹೀಗೆ ಬಿಡುವುದಿಲ್ಲ. ಕೂತುಕೊಂಡು ಬಿಡುವುದು." ಅಷ್ಟು ಹೇಳಿ, ಊಟದ ಗಂಟೆ ಹೊಡೆದದ್ದೇ, ಓಡಿಹೋದಳು.

ಪಿಯುಸ್ ಅವಳು ಹೋದ ಕಡೆ ನೋಡಿದರು. ಆಮೇಲೆ ರಬ್ಬರ್ ತೆಗೆದು ನಿಂತ ಹುಡುಗಿಯನ್ನು ಅಳಿಸಿದರು. ಕೂತ ಹುಡುಗಿಯ ಮೊಣಕಾಲು ಸರಿ ಬರಲಿಲ್ಲ. ಮತ್ತೆ ಅಳಿಸಿದರು. ಹಾಳೆ ತೇಪೆ ಹಾಕಿದ ಹಾಗಾಯಿತು. ನಳಿನಾಕ್ಷಿ ಬರೆದಿದ್ದ ಸಾಲುಗಳನ್ನು ಓದಿ, "ಇದು ಭಾಷಣದ ಹಾಗೆ ಉಂಟಲ್ಲ," ಎಂದರು. ಅವಳಿಗೆ ಸಿಟ್ಟು ಬಂತು. ಆಮೇಲೆ ಓದಿ ನೋಡಿದರೆ ಹೌದೆನಿಸಿತು. ಎರಡು ಸಾಲು ಹೊಡೆದುಹಾಕಿದಳು. ಅದರ ಬದಲಿಗೆ ಏನು ಬರೆಯಬೇಕೆಂದು ಹೊಳೆಯಲಿಲ್ಲ.

ಆ ದಿನ ಒಂದು ಪುಟವೂ ಆಗಲಿಲ್ಲ. ಶಾಲೆ ಬಿಟ್ಟ ಮೇಲೆ ಇಬ್ಬರೂ ಬಸ್‌ಸ್ಟಾಪಿನಲ್ಲಿ ನಿಂತರು; ನಳಿನಾಕ್ಷಿಯ ಮನೆ ಅಲ್ಲೇ ಹತ್ತಿರ, ಅವಳು ಪಿಯುಸರನ್ನು ಬಸ್ಸು ಹತ್ತಿಸಲು ಬಂದಿದ್ದಳು. ಪಿಯುಸರ ಬೆರಳುಗಳು ಪೆನ್ಸಿಲ್ ಪುಡಿಯಿಂದ ಕಪ್ಪಾಗಿದ್ದವು. ಅವಳ ಸೊಂಟ ಹಿಡಿದುಕೊಂಡಿತ್ತು.

"ಜೂನ್‌ಗೆ ಆಗ್ತದಾ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ. ನಾಳೆ ಹಾಲ್‌ನಲ್ಲಿ ಮದುವೆ ಉಂಟು, ಆಗುವುದಿಲ್ಲ. ನಾಡಿದ್ದು ಮಧ್ಯಾಹ್ನದ ಮೇಲೆ ಬರ್ತೇನೆ."

"ನಾನು ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಕೂರ್ತೇನೆ. ಅವರು ಬರುವುದನ್ನು ನೋಡಬೇಕು."

ಬಸ್ಸು ತುಂಬಿಕೊಂಡು ಬಂತು. ಪಿಯುಸ್ ಹೇಗೋ ಮೆಟ್ಟಿಲ ಮೇಲೆ ಕಾಲಿಟ್ಟು, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಹಾಳೆಗಳ ಚೀಲ ಹಿಡಿದುಕೊಂಡು ಒಳಗೆ ಹೋದರು. ನಳಿನಾಕ್ಷಿ ಕೆರೆಯ ಬದಿಯ ರಸ್ತೆಯಲ್ಲಿ ಮನೆಯ ಕಡೆಗೆ ನಿಧಾನವಾಗಿ ನಡೆದಳು.